ಏನಿಲ್ಲ ಅನ್ನಬೇಡಿ

(ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ನಾನು ಈ ಶಾಲೆಯಲ್ಲಿ 1978ರಿಂದ 1981ರವರೆಗೆ ಓದಿದವನು. ಆಗ ಶಾಲೆಗೆ ಮೂರು ಕೋಣೆ, ಒಂದು ಬೇವಿನ ಮರ. ಮಳೆ ಬಂದರೆ ಎಂಟನೆಯ ತರಗತಿಯವರು ಒಂಬತ್ತನೆಯ ತರಗತಿಯಲ್ಲಿ ಬಂದು ಕೂರುತ್ತಿದ್ದರು. ಆಮೇಲೆ ಬ್ಯಾಂಕಿನಲ್ಲಿ ಕೆಲಸ ಮಾಡಿ ಈಗ ನಿವೃತ್ತನಾಗಿದ್ದೇನೆ. ಸಮಿತಿಯವರು ಫೋನ್ ಮಾಡಿ, "ನಿಮ್ಮ ಸಾಧನೆಯ ಬಗ್ಗೆ ಮಾತಾಡಿ" ಎಂದರು. ಸಾಧನೆ ಅಂತ ಹೇಳಿಕೊಳ್ಳುವಂಥದ್ದು ನನ್ನ ಹತ್ತಿರ ಇಲ್ಲ. ನನ್ನ ಮಗಳು ಪಕ್ಕದಲ್ಲೇ ಇದ್ದಳು. "ಅಪ್ಪಾ, ಕೇದಾರಕಂಠದ ಕತೆ ಹೇಳು" ಎಂದಳು. ಅದು ನಾನು ತುದಿ ಮುಟ್ಟದೆ ವಾಪಸು ಬಂದ ಬೆಟ್ಟದ ಕತೆ. ಇಂಥ ಸಮಾರಂಭದಲ್ಲಿ ಸೋತ ಕತೆ ಹೇಳಬಹುದೇ ಎಂದು ಯೋಚಿಸಿದೆ. ಹೇಳಬಹುದು ಅನ್ನಿಸಿತು. ಯಾಕೆಂದರೆ ಅದರ ಅರ್ಧ ಕತೆ ಇದೇ ಶಾಲೆಯಲ್ಲಿ ನಡೆದದ್ದು.

2019ರ ಡಿಸೆಂಬರ್. ನನಗೆ ಐವತ್ತನಾಲ್ಕು ವಯಸ್ಸು. ಮಗಳು ಇಂಜಿನಿಯರಿಂಗ್ ಮುಗಿಸಿ ಕೆಲಸಕ್ಕೆ ಸೇರಿದ್ದಳು. ಚಳಿಗಾಲದಲ್ಲಿ ಹಿಮಾಲಯ ಹತ್ತಬೇಕು ಎಂಬುದು ಅವಳ ಆಸೆ. ಒಬ್ಬಳನ್ನೇ ಕಳಿಸಲು ಅವರಮ್ಮನಿಗೆ ಧೈರ್ಯವಿಲ್ಲ. "ನೀವೂ ಹೋಗಿ" ಎಂದಳು. ನನಗೂ ಆಸೆ ಇತ್ತು ಅನ್ನಿ. ಮೂರು ತಿಂಗಳು ದಿನಾ ಬೆಳಿಗ್ಗೆ ಐದು ಕಿಲೋಮೀಟರ್ ನಡೆದೆ, ಮೆಟ್ಟಿಲು ಹತ್ತಿ ಇಳಿದೆ.

ಡಿಸೆಂಬರ್ 20ರ ಸಂಜೆ ಬೆಂಗಳೂರಿನಲ್ಲಿ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿದೆವು. ದೆಹಲಿಗೆ ಸುಮಾರು 2,400 ಕಿಲೋಮೀಟರ್, ಎರಡು ರಾತ್ರಿಯ ಪ್ರಯಾಣ. ದೆಹಲಿಯಲ್ಲಿ ಒಂದು ಹಗಲು ಕಳೆದು ರಾತ್ರಿ ಹೊರಟು ಡೆಹರಾಡೂನ್. ಅಲ್ಲಿಂದ ಜೀಪಿನಲ್ಲಿ ಸಾಂಕ್ರಿ ಎಂಬ ಹಳ್ಳಿಗೆ ಸುಮಾರು 200 ಕಿಲೋಮೀಟರ್. ನಮ್ಮ ಕಡೆ ಇದು ನಾಲ್ಕು ಗಂಟೆಯ ದಾರಿ. ಅಲ್ಲಿ ಬೆಳಿಗ್ಗೆ ಹೊರಟವರು ಸಂಜೆ ಮುಟ್ಟಿದೆವು. ಮಸ್ಸೂರಿ ದಾಟಿ, ಪುರೋಲಾ, ಮೋರಿ ಎಂಬ ಊರುಗಳನ್ನು ದಾಟಿ, ಟೋನ್ಸ್ ನದಿಯ ದಂಡೆಗುಂಟ ರಸ್ತೆ ಹೋಗುತ್ತದೆ. ನೈಟ್ವಾಡ್ ಎಂಬಲ್ಲಿ ರೂಪಿನ್, ಸೂಪಿನ್ ಎಂಬ ಎರಡು ಹೊಳೆಗಳು ಕೂಡಿ ಟೋನ್ಸ್ ಆಗುತ್ತವೆ. ಈ ಟೋನ್ಸ್ ಮುಂದೆ ಹೋಗಿ ಯಮುನೆಯನ್ನು ಸೇರುತ್ತದೆ. ಸೇರುವ ಜಾಗದಲ್ಲಿ ಯಮುನೆಗಿಂತ ಟೋನ್ಸಿನಲ್ಲೇ ನೀರು ಹೆಚ್ಚು. ಆದರೂ ಹೆಸರು ಯಮುನೆಯದೇ ಉಳಿಯುತ್ತದೆ. ಮನೆಯಲ್ಲಿ ದುಡಿಯುವ ಹೆಣ್ಣುಮಕ್ಕಳ ಹಾಗೆ ಅಂತ ನನ್ನ ಮಗಳು ಅಂದಳು. ನಾನು ಜೀಪಿನ ಕಿಟಕಿಯ ಕಡೆ ನೋಡಿದೆ.

ಆ ಕಣಿವೆಯ ಇನ್ನೊಂದು ವಿಶೇಷ ಹೇಳಬೇಕು. ಅಲ್ಲಿ ಒಂದು ಹಳ್ಳಿಯಲ್ಲಿ ಕರ್ಣನಿಗೆ ಗುಡಿಯಿದೆ. ದುರ್ಯೋಧನನನ್ನು ಪೂಜಿಸುವ ಸೀಮೆ ಎಂದೂ ಆ ಕಡೆಗೆ ಬಹಳ ಕಾಲದಿಂದ ಹೆಸರು. ಈಗ ಅಲ್ಲಿನ ಬಹಳ ಜನ ಅದು ಸೋಮೇಶ್ವರ ದೇವರು ಎನ್ನುತ್ತಾರೆ. ರನ್ನನ ಗದಾಯುದ್ಧವನ್ನು ಇದೇ ಶಾಲೆಯಲ್ಲಿ ಕೇಳಿ ಬೆಳೆದ ನನಗೆ, ದುರ್ಯೋಧನನ ಬಗ್ಗೆ ಮರುಗುವ ಜನ ನಾವಷ್ಟೇ ಅಲ್ಲ ಅಂತ ಸಂತೋಷವಾಯಿತು.

ಸಾಂಕ್ರಿ 6,400 ಅಡಿ ಎತ್ತರದಲ್ಲಿದೆ. ದೇವದಾರು ಮರ ಮತ್ತು ಕಲ್ಲಿನ ಮನೆಗಳು, ಮೇಲೆ ಉಪ್ಪರಿಗೆ, ಕೆಳಗೆ ದನಕರು. ಬೇಸಿಗೆಯಲ್ಲಿ ಆಲೂಗಡ್ಡೆ, ರಾಜ್ಮಾ, ಸೇಬು ಬೆಳೆಯುತ್ತಾರೆ. ಚಳಿಗಾಲದಲ್ಲಿ ಹೊಲದಲ್ಲಿ ಕೆಲಸವಿಲ್ಲ. ಆಗ ಚಾರಣಕ್ಕೆ ಬರುವ ನಮ್ಮಂಥವರ ಚೀಲ ಹೊರುವುದು, ಅಡುಗೆ ಮಾಡುವುದು, ದಾರಿ ತೋರಿಸುವುದೇ ದುಡಿಮೆ. ನಮ್ಮ ತಂಡಕ್ಕೆ ಬಂದ ಗೈಡ್ ಪಕ್ಕದ ಹಳ್ಳಿಯ ಇಪ್ಪತ್ತೆರಡು ವರ್ಷದ ಹುಡುಗ. ಮೊದಲ ದಿನವೇ ಎಲ್ಲರನ್ನೂ ಕೂರಿಸಿ ಒಂದು ಮಾತು ಹೇಳಿದ: "ತಲೆನೋವು ಬಂದರೆ ಹೇಳಿ. ವಾಂತಿ ಬಂದ ಹಾಗಾದರೆ ಹೇಳಿ. ನಿದ್ದೆ ಬರದಿದ್ದರೆ ಹೇಳಿ. ಬೆಟ್ಟದ ಮೇಲೆ ನಾಚಿಕೆ ಬೇಡ."

ಯಾಕೆ ಹೀಗೆ ಹೇಳುತ್ತಾರೆ ಎಂಬುದನ್ನು ವಿದ್ಯಾರ್ಥಿಗಳು ತಿಳಿದಿರಬೇಕು. ಮೇಲೆ ಹೋದಂತೆ ಗಾಳಿಯಲ್ಲಿ ಆಮ್ಲಜನಕದ ಪ್ರಮಾಣ ಕಡಿಮೆಯಾಗುತ್ತದೆ ಅಂತ ಸುಮ್ಮನೆ ಹೇಳಿಬಿಡುತ್ತೇವೆ. ಹಾಗಲ್ಲ. ಆಮ್ಲಜನಕ ಅಲ್ಲಿಯೂ ನೂರಕ್ಕೆ 21 ಪಾಲೇ. ಕಡಿಮೆಯಾಗುವುದು ಗಾಳಿಯ ಒತ್ತಡ. ಹನ್ನೊಂದು ಹನ್ನೆರಡು ಸಾವಿರ ಅಡಿಯಲ್ಲಿ ಒತ್ತಡ ಸಮುದ್ರ ಮಟ್ಟದ ಮೂರರಲ್ಲಿ ಎರಡು ಪಾಲಿನಷ್ಟು ಮಾತ್ರ. ಅಂದರೆ ಒಂದು ಉಸಿರಿಗೆ ಸಿಗುವ ಆಮ್ಲಜನಕವೂ ಅಷ್ಟೇ. ದೇಹ ಅದಕ್ಕೆ ಹೊಂದಿಕೊಳ್ಳಲು ಸಮಯ ಬೇಕು. ಸಮಯ ಕೊಡದೆ ಹತ್ತಿದರೆ ತಲೆನೋವು, ಓಕರಿಕೆ, ಸುಸ್ತು ಶುರುವಾಗುತ್ತದೆ. ಅಲ್ಲಿಗೇ ನಿಂತರೆ ಸಾಮಾನ್ಯವಾಗಿ ತಾನಾಗಿ ಇಳಿಯುತ್ತದೆ. ಲೆಕ್ಕಿಸದೆ ಇನ್ನೂ ಮೇಲೆ ಹೋದರೆ ಪುಪ್ಪುಸದಲ್ಲಿ ನೀರು ತುಂಬಬಹುದು, ಮಿದುಳು ಊದಿಕೊಳ್ಳಬಹುದು. ಜೀವ ಹೋಗುತ್ತದೆ. ಅದಕ್ಕೆ ಮೊದಲ ಔಷಧ ಕೆಳಗೆ ಇಳಿಯುವುದು. ವಯಸ್ಸು, ಶಕ್ತಿ, ಅಭ್ಯಾಸ ಯಾವುದನ್ನೂ ಅದು ನೋಡುವುದಿಲ್ಲ. ಗಟ್ಟಿಮುಟ್ಟಾದ ಪೈಲ್ವಾನನಿಗೂ ಬರಬಹುದು.

24ರಂದು ಹತ್ತಲು ಶುರು ಮಾಡಿದೆವು. ಓಕ್, ಪೈನ್ ಮರಗಳ ಕಾಡು, ನೆರಳಿನಲ್ಲಿ ಹಿಮ. ಅಂದು ರಾತ್ರಿ ಜುಡಾ ಕಾ ತಾಲಾಬ್ ಎಂಬ ಕೆರೆಯ ಹತ್ತಿರ ಡೇರೆ. ಎತ್ತರ 9,100 ಅಡಿ. ಕೆರೆಯ ನೀರು ಗಟ್ಟಿಯಾಗಿ ಗಾಜಿನ ಹಾಗಿತ್ತು. ನಮ್ಮೂರಿನ ಕೆರೆ ಹೀಗೆ ಗಟ್ಟಿಯಾದರೆ ಎಮ್ಮೆಗಳು ಏನು ಮಾಡಬೇಕು ಅಂತ ನಗಾಡಿದೆವು. ಅದೇ ರಾತ್ರಿ ನನಗೆ ತಲೆನೋವು ಶುರುವಾಯಿತು.

ಬೆಳಿಗ್ಗೆ ಗೈಡ್ ಒಬ್ಬೊಬ್ಬರನ್ನೇ ಕೇಳುತ್ತಾ ಬಂದ. ನನ್ನ ಸರದಿ ಬಂದಾಗ ನಾನು ಹೇಳಿದ್ದು ಒಂದೇ ಮಾತು: "ಏನಿಲ್ಲ." ಮಗಳು ಕೇಳಿದಳು, ಅವಳಿಗೂ "ಏನಿಲ್ಲ." ಚೀಲದಲ್ಲಿದ್ದ ತಲೆನೋವಿನ ಗುಳಿಗೆ ಕದ್ದು ನುಂಗಿದೆ. ತಂಡದಲ್ಲಿ ಎಲ್ಲರಿಗಿಂತ ದೊಡ್ಡವನು ನಾನು. ಹಿಂದಿನ ದಿನ ಹುಡುಗರೆಲ್ಲ "ಅಂಕಲ್ ಸೂಪರ್" ಅಂದಿದ್ದರು. ಆ ಮಾತಿನ ಅಮಲು ಇಳಿದಿರಲಿಲ್ಲ.

25ರ ಮಧ್ಯಾಹ್ನ ಬೇಸ್ ಕ್ಯಾಂಪ್ ಮುಟ್ಟಿದೆವು, 11,250 ಅಡಿ. ಎದುರಿಗೆ ಸ್ವರ್ಗಾರೋಹಿಣಿ, ಬಂದರ್‌ಪೂಂಛ್ ಶಿಖರಗಳು. ಪಾಂಡವರು ಸ್ವರ್ಗಕ್ಕೆ ಹತ್ತಿದ್ದು ಅದೇ ಬೆಟ್ಟ ಅಂತ ಪ್ರತೀತಿ. ಬಂದರ್‌ಪೂಂಛ್ ಅಂದರೆ ಕೋತಿಯ ಬಾಲ, ಹನುಮಂತನ ಬಾಲ. ಯಮುನೆ ಹುಟ್ಟುವುದು ಅದರ ಮಗ್ಗುಲಲ್ಲಿ. ಎಲ್ಲರೂ ಫೋಟೋ ತೆಗೆಯುತ್ತಿದ್ದರು. ನಾನು ಡೇರೆಯ ಹಿಂದೆ ಹೋಗಿ ವಾಂತಿ ಮಾಡಿ, ಅದರ ಮೇಲೆ ಬೂಟಿನಿಂದ ಹಿಮ ಎಳೆದು ಮುಚ್ಚಿ ಬಂದೆ. ಇದನ್ನು ಹೇಳಲು ಇವತ್ತಿಗೂ ನಾಚಿಕೆಯಾಗುತ್ತದೆ. ಆದರೂ ಹೇಳುತ್ತೇನೆ.

ರಾತ್ರಿ ಎರಡೂವರೆಗೆ ಎಬ್ಬಿಸಿದರು. ಮೂರು ಗಂಟೆಗೆ ಶಿಖರಕ್ಕೆ ಹೊರಡಬೇಕು, ಸೂರ್ಯೋದಯಕ್ಕೆ 12,500 ಅಡಿಯ ತುದಿಯಲ್ಲಿರಬೇಕು. ಬೂಟಿಗೆ ಕಬ್ಬಿಣದ ಮುಳ್ಳಿನ ಪಟ್ಟಿ ಕಟ್ಟಿಕೊಳ್ಳುತ್ತಿದ್ದೆ. ಎಷ್ಟು ಕಟ್ಟಿದರೂ ಸರಿ ಹೋಗುತ್ತಿಲ್ಲ. ಗೈಡ್ ಬಂದು ಬ್ಯಾಟರಿ ಹಿಡಿದು ನೋಡಿದ. ಎಡಗಾಲಿನದನ್ನು ಬಲಗಾಲಿಗೆ, ಅದೂ ಹಿಂದುಮುಂದಾಗಿ ಕಟ್ಟುತ್ತಿದ್ದೆ. ಅವನು ಏನೂ ಅನ್ನಲಿಲ್ಲ. ಹಿಮದ ಮೇಲೆ ಕೋಲಿನಿಂದ ಒಂದು ಗೆರೆ ಎಳೆದ. "ಸರ್, ಒಂದು ಹಿಮ್ಮಡಿಗೆ ಇನ್ನೊಂದು ಬೆರಳು ತಾಗಿಸಿ ಈ ಗೆರೆಯ ಮೇಲೆ ನಡೆಯಿರಿ" ಎಂದ. ಮೂರನೆಯ ಹೆಜ್ಜೆಗೆ ನಾನು ಪಕ್ಕಕ್ಕೆ ವಾಲಿ ಬಿದ್ದೆ.

"ನೀವು ಈಗಲೇ ಕೆಳಗೆ ಇಳಿಯುತ್ತೀರಿ" ಎಂದ. ನನ್ನ ಮಗಳ ವಯಸ್ಸಿಗಿಂತ ಚಿಕ್ಕ ಹುಡುಗ. ನಾನು ವಾದ ಮಾಡಿದೆ. ದುಡ್ಡು ಕೊಟ್ಟಿದ್ದೇನೆ ಎಂದೆ. ಇನ್ನೇನು 1,250 ಅಡಿ ಎಂದೆ. ಅವನು ಎರಡನೆಯ ಸಲ ಅದೇ ಮಾತು ಹೇಳಿದ, ಅದೇ ದನಿಯಲ್ಲಿ. ಸಹಾಯಕನೊಬ್ಬನನ್ನು ಜೊತೆ ಮಾಡಿದ. ಮಗಳಿಗೆ, "ನೀವು ನಮ್ಮ ಜೊತೆ ಬನ್ನಿ, ತಂದೆಯವರನ್ನು ಇವನು ನೋಡಿಕೊಳ್ಳುತ್ತಾನೆ" ಎಂದ. ಅವಳು ಕಟ್ಟಿಕೊಂಡಿದ್ದ ಪಟ್ಟಿಯನ್ನು ಬಿಗಿ ಮಾಡಿಕೊಂಡು ನನ್ನ ತೋಳು ಹಿಡಿದಳು. ಎರಡು ವರ್ಷದಿಂದ ಕನಸು ಕಂಡ ಶಿಖರಕ್ಕೆ ಬೆನ್ನು ಮಾಡಿದಳು. ಕತ್ತಲಲ್ಲಿ ತಲೆಗೆ ಕಟ್ಟಿದ ಬೆಳಕಿನಲ್ಲಿ ಮೂವರೂ ಇಳಿದೆವು. ದಾರಿಯುದ್ದಕ್ಕೂ ಅವಳು ಒಂದು ಮಾತೂ ಆಡಲಿಲ್ಲ. ಬೆಳಕು ಹರಿಯುವ ಹೊತ್ತಿಗೆ ಮತ್ತೆ ಆ ಗಟ್ಟಿಯಾದ ಕೆರೆಯ ಹತ್ತಿರ ಇದ್ದೆವು. ತಲೆನೋವು ಅರ್ಧ ಇಳಿದಿತ್ತು. ಎರಡು ಸಾವಿರ ಅಡಿ ಇಳಿದದ್ದೇ ಔಷಧ.

ಅಂದು ಡಿಸೆಂಬರ್ 26. ಹಿರಿಯರಿಗೆ ನೆನಪಿರಬಹುದು, ಅವತ್ತು ಸೂರ್ಯಗ್ರಹಣ. ಮಂಗಳೂರು, ಕೊಡಗಿನ ಕಡೆ ಕಂಕಣ ಗ್ರಹಣ, ಉಳಿದ ಕಡೆ ಭಾಗಶಃ. ಒಂಬತ್ತೂವರೆ ಹೊತ್ತಿಗೆ ಹಿಮದ ಮೇಲಿನ ಬಿಸಿಲು ಮಂಕಾಯಿತು. ನಾನು ಬಿಸ್ಕತ್ತಿನ ರಟ್ಟು ತೆಗೆದುಕೊಂಡು ಪಿನ್ನಿನಿಂದ ಒಂದು ತೂತು ಮಾಡಿ, ಮಗಳ ನೋಟ್‌ಬುಕ್ಕಿನ ಬಿಳಿ ಹಾಳೆಯ ಮೇಲೆ ಬಿಸಿಲು ಬೀಳಿಸಿದೆ. ಕಡಲೆಕಾಳಿನಷ್ಟು ಸೂರ್ಯ, ಒಂದು ಕಡೆ ಕಚ್ಚಿದ ಹಾಗೆ. ಆಗ ಅವಳು ಬಾಯಿ ಬಿಟ್ಟಳು. "ಇದನ್ನು ಎಲ್ಲಿ ಕಲಿತೆ?" ಎಂದಳು.

ಈ ಶಾಲೆಯಲ್ಲಿ ಕಲಿತೆ.

1980ರ ಫೆಬ್ರವರಿ 16, ಶನಿವಾರ. ಸಂಪೂರ್ಣ ಸೂರ್ಯಗ್ರಹಣದ ನೆರಳು ಕಾರವಾರ, ಅಂಕೋಲದ ಕಡೆಯಿಂದ ರಾಯಚೂರಿನ ಕಡೆಗೆ ನಮ್ಮ ಸೀಮೆಯ ಮೇಲೆಯೇ ಹಾದುಹೋಯಿತು. ಊರವರು ಬಾಗಿಲು ಹಾಕಿಕೊಂಡು ಒಳಗೆ ಕೂತರು. ಅದರ ಹಿಂದಿನ ದಿನ ನಮ್ಮ ವಿಜ್ಞಾನದ ಸರ್ ಎಲ್ಲರಿಗೂ ಒಂದೊಂದು ರಟ್ಟು ಕೊಟ್ಟು, ಸೂಜಿಯಿಂದ ತೂತು ಮಾಡಿಸಿ, ಸೂರ್ಯನನ್ನು ಬರಿಗಣ್ಣಿನಿಂದ ನೋಡಬಾರದು, ತೂತಿನಿಂದಲೂ ನೋಡಬಾರದು, ಬಿಂಬವನ್ನು ಗೋಡೆಯ ಮೇಲೆ ಬೀಳಿಸಿ ನೋಡಬೇಕು ಎಂದು ಹೇಳಿಕೊಟ್ಟರು. ನಾನು ಒಂಬತ್ತನೆಯ ತರಗತಿ, ಹಿಂದಿನ ಬೆಂಚು. ಹುಡುಗಾಟಕ್ಕೆ ಆ ರಟ್ಟನ್ನು ಕಣ್ಣಿಗೆ ಹಿಡಿದು ಕಪ್ಪುಹಲಗೆಯ ಕಡೆ ನೋಡಿದೆ. ನೋಡಿದವನು ಕೂಗಿಬಿಟ್ಟೆ: "ಸರ್, ಬೋರ್ಡು ಕಾಣಾಕತ್ತೈತ್ರೀ!"

ಇಡೀ ತರಗತಿ ನಕ್ಕಿತು. ಸರ್ ನಗಲಿಲ್ಲ. ನನ್ನ ಹತ್ತಿರ ಬಂದು, "ರಟ್ಟು ತೆಗೆದು ನೋಡು, ಈಗ ಏನು ಬರೆದಿದೆ?" ಎಂದರು. "ಕಾಣಂಗಿಲ್ರಿ" ಎಂದೆ. "ಎಷ್ಟು ದಿನದಿಂದ?" ಎಂದರು. "ಮೊದಲಿಂದ" ಎಂದೆ. ಸಣ್ಣ ತೂತಿನಿಂದ ನೋಡಿದರೆ ಚದುರಿದ ಬೆಳಕು ತಡೆದು, ದೂರದ್ದು ಕಾಣದ ಕಣ್ಣಿಗೂ ಅಕ್ಷರ ಸ್ಪಷ್ಟವಾಗುತ್ತದೆ. ಅದು ಅವರಿಗೆ ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ. ಎಲ್ಲರಿಗೂ ಬೋರ್ಡು ಹೀಗೇ ಮಸುಕಾಗಿ ಕಾಣುತ್ತದೆ, ಉಳಿದವರು ಜಾಣರು, ನಾನು ದಡ್ಡ ಅಂತ ತಿಳಿದಿದ್ದೆ. ಎರಡು ವರ್ಷ ಪಕ್ಕದವನ ಪಾಟಿ ನೋಡಿ ಬರೆದಿದ್ದೆ. ನಕಲು ಹೊಡೆಯುತ್ತಾನೆ ಅಂತ ಏಟು ತಿಂದಿದ್ದೆ. ಏನಾಗಿದೆ ನಿನಗೆ ಅಂತ ಯಾರಾದರೂ ಕೇಳಿದರೆ ನನ್ನ ಉತ್ತರ ಒಂದೇ, "ಏನಿಲ್ರಿ."

ಮುಂದಿನ ವಾರ ಸರ್ ನನ್ನನ್ನು ಬಸ್ಸಿನಲ್ಲಿ ಹುಬ್ಬಳ್ಳಿಗೆ ಕರೆದುಕೊಂಡು ಹೋಗಿ ಕಣ್ಣು ತೋರಿಸಿ, ತಮ್ಮ ದುಡ್ಡಿನಲ್ಲಿ ಚಸ್ಮಾ ಕೊಡಿಸಿದರು. ಮೂವತ್ತೈದು ರೂಪಾಯಿ. ನಮ್ಮಪ್ಪ ಸುಗ್ಗಿಯಲ್ಲಿ ಒಂದು ಚೀಲ ಜೋಳ ಹೊತ್ತುಕೊಂಡು ಹೋಗಿ ಅವರ ಮನೆಯಲ್ಲಿ ಇಳಿಸಿ ಬಂದ. ವಾಪಸು ಬರುವಾಗ ಬಸ್ಸಿನ ಕಿಟಕಿಯಿಂದ ಮರದ ಮೇಲೆ ಒಂದೊಂದು ಎಲೆಯೂ ಬೇರೆ ಬೇರೆ ಇರುವುದನ್ನು ಮೊದಲ ಸಲ ನೋಡಿದೆ. ಆ ಸರ್ ಇಲ್ಲೇ ಮುಂದಿನ ಸಾಲಿನಲ್ಲಿ ಕೂತಿದ್ದಾರೆ. ಹೆಸರು ಹೇಳಬೇಡ ಎಂದು ಬೆಳಿಗ್ಗೆಯೇ ಹೇಳಿದ್ದಾರೆ. ಹೇಳುವುದಿಲ್ಲ. ನಿಮಗೆಲ್ಲ ಗೊತ್ತೇ ಇದೆ.

ಇದನ್ನು ಹಿಮದ ಮೇಲೆ ಕೂತು ಮಗಳಿಗೆ ಹೇಳಿದೆ. ಅವಳು ಪೂರ್ತಿ ಕೇಳಿ, "ಹಾಗಾದರೆ ನೀನು ನಲವತ್ತು ವರ್ಷದಲ್ಲಿ ಏನೂ ಕಲಿತಿಲ್ಲ" ಎಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

29ರಂದು ದೆಹಲಿಗೆ ವಾಪಸಾದೆವು. ರಾಮಕೃಷ್ಣಪುರದಲ್ಲಿ ನಮ್ಮ ಶಾಲೆಯವನೇ, ನನಗಿಂತ ಮೂರು ವರ್ಷ ಚಿಕ್ಕವನು, ಕೆಲಸದ ಮೇಲಿದ್ದ. ಅವನ ಮನೆಯಲ್ಲಿ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ತಿಂದೆವು. ಮರುದಿನ 30. ಅಂದು ದೆಹಲಿಯಲ್ಲಿ ಹಗಲಿನ ಉಷ್ಣಾಂಶ 9.4 ಡಿಗ್ರಿ ದಾಟಲಿಲ್ಲ. 1901ರಿಂದೀಚೆಗೆ ಡಿಸೆಂಬರಿನಲ್ಲಿ ಅಷ್ಟು ತಣ್ಣನೆಯ ಹಗಲು ಬಂದಿರಲಿಲ್ಲ ಎಂದು ಹವಾಮಾನ ಇಲಾಖೆ ಹೇಳಿತು. ಬೆಟ್ಟದಲ್ಲಿ ಗಾಳಿ ತೆಳ್ಳಗೆ, ಆದರೆ ಶುದ್ಧ. ಇಲ್ಲಿ ಗಾಳಿ ದಪ್ಪ, ಆದರೆ ಗಂಟಲು ಕೆರೆಯುತ್ತದೆ. ಹಗಲು ಹನ್ನೆರಡಕ್ಕೂ ಸೂರ್ಯ ಹಿತ್ತಾಳೆಯ ತಟ್ಟೆಯ ಹಾಗೆ ಮಂಕು.

ಮಗಳಿಗೆ ಯಮುನೆ ನೋಡಬೇಕಾಗಿತ್ತು. ಹಳೆಯ ಕಬ್ಬಿಣದ ಸೇತುವೆಯ ಹತ್ತಿರದ ಘಾಟಿಗೆ ಹೋದೆವು. ಚಳಿಗಾಲಕ್ಕೆ ದೂರದೇಶದಿಂದ ಬಂದ ಬಿಳಿ ಕಡಲಹಕ್ಕಿಗಳು ಸಾವಿರಾರು. ದೋಣಿಯಲ್ಲಿ ಕೂತ ಜನ ಅವಕ್ಕೆ ಸೇವು ಎಸೆಯುತ್ತಿದ್ದರು. ನೋಡಲು ಚಂದ. ಕೆಳಗಿನ ನೀರು ಮಾತ್ರ ಕಪ್ಪು. ಮೇಲಿನಿಂದ ಬಂದ ನೀರನ್ನು ವಜೀರಾಬಾದಿನಲ್ಲಿ ಕಟ್ಟೆ ಕಟ್ಟಿ ಊರಿಗೆ ಕುಡಿಯಲು ಎತ್ತಿಕೊಳ್ಳುತ್ತಾರೆ. ಅದರ ಕೆಳಗೇ ನಜಫ್‌ಗಢದ ದೊಡ್ಡ ಕೊಳಚೆ ನಾಲೆ ಬಂದು ಸೇರುತ್ತದೆ. ಅಲ್ಲಿಂದ ಓಖ್ಲಾದವರೆಗೆ 22 ಕಿಲೋಮೀಟರ್. ಯಮುನೆಯ ಒಟ್ಟು ಉದ್ದ 1,376 ಕಿಲೋಮೀಟರ್. ನೂರರಲ್ಲಿ ಎರಡು ಪಾಲೂ ಇಲ್ಲದ ಆ ತುಂಡಿನಲ್ಲೇ ನದಿಯ ಹೊಲಸಿನ ಬಹುಪಾಲು ಸೇರುವುದು. ನಾಲ್ಕು ದಿನದ ಹಿಂದೆ ನಾವು ಬೊಗಸೆಯಲ್ಲಿ ಕುಡಿದ ನೀರಿನ ನದಿಯೇ ಇದು ಅಂದರೆ ನಂಬಲು ಕಷ್ಟವಾಯಿತು.

ಅಲ್ಲಿಂದ ಚಾಂದನಿ ಚೌಕಿಗೆ ಸೈಕಲ್ ರಿಕ್ಷಾ ಹತ್ತಿದೆವು. ತಳ್ಳುಗಾಡಿ, ಮೂಟೆ ಹೊತ್ತವರು, ಜಿಲೇಬಿಯ ಕಡಾಯಿ, ಮದುವೆ ಸೀರೆ ಕೊಳ್ಳುವವರು, ಹಾರ್ನು. ಒಂದು ಹೆಜ್ಜೆ ಜಾಗವಿಲ್ಲ. ರಿಕ್ಷಾ ತುಳಿಯುವವನು ನನ್ನ ವಯಸ್ಸಿನವನು. ಪ್ರತಿ ಹತ್ತು ತುಳಿತಕ್ಕೆ ಕೆಮ್ಮುತ್ತಿದ್ದ. ಇಳಿದ ಮೇಲೆ ನನ್ನ ಹರಕು ಹಿಂದಿಯಲ್ಲಿ, "ಏನಾಗಿದೆ, ಡಾಕ್ಟರಿಗೆ ತೋರಿಸಿದಿರಾ?" ಎಂದು ಕೇಳಿದೆ. ಅವನು ಮಫ್ಲರಿನಿಂದ ಬಾಯಿ ಒರೆಸಿಕೊಂಡು ನಕ್ಕ. "ಕುಛ್ ನಹೀಂ, ಸಾಬ್" ಎಂದ. ಏನಿಲ್ಲ.

ಮಗಳು ನನ್ನ ಮುಖ ನೋಡಿದಳು. ಅವನದು ಬೇರೆ, ನನ್ನದು ಬೇರೆ. ಅವನು ಒಂದು ದಿನ ರಿಕ್ಷಾ ನಿಲ್ಲಿಸಿದರೆ ಅವತ್ತಿನ ಊಟ ನಿಲ್ಲುತ್ತದೆ. ಅವನ "ಏನಿಲ್ಲ"ಕ್ಕೆ ಕಾರಣ ಇದೆ. ನನ್ನದಕ್ಕೆ ಬರೀ ಜಂಭ. ಅಂದು ರಾತ್ರಿ ಊಟವಾದ ಮೇಲೆ ಅವಳು ಹೇಳಿದಳು: "ಶಿಖರ ತಪ್ಪಿದ್ದಕ್ಕೆ ನನಗೆ ಸಿಟ್ಟಿಲ್ಲಪ್ಪಾ. ಮೊದಲ ರಾತ್ರಿಯೇ ಹೇಳಿದ್ದರೆ ಕೆರೆಯ ಹತ್ತಿರ ಇನ್ನೊಂದು ದಿನ ಉಳಿಯಬಹುದಿತ್ತು, ಇಬ್ಬರೂ ಹತ್ತಬಹುದಿತ್ತು, ಹತ್ತದೆಯೂ ಇರಬಹುದಿತ್ತು. ಆದರೆ ಕತ್ತಲಲ್ಲಿ ನೀನು ಬಿದ್ದಾಗ, ಅಮ್ಮನಿಗೆ ಫೋನ್ ಮಾಡಿ ಏನಂತ ಹೇಳಲಿ ಅಂತ ಯೋಚಿಸುತ್ತಿದ್ದೆ. ಆ ಯೋಚನೆಯನ್ನು ನೀನು ನನಗೆ ಕೊಡಬಾರದಿತ್ತು."

ಗೆಳೆಯರೇ, ಅಪ್ಪನಾದವನಿಗೆ ಇದಕ್ಕಿಂತ ದೊಡ್ಡ ಪಾಠ ಬೇಕಿಲ್ಲ. ಬೆಂಗಳೂರಿಗೆ ಬಂದ ಮೇಲೆ ಅವಳ ಮುಂದೆಯೇ ಹೆಂಡತಿಗೆ ಎಲ್ಲವನ್ನೂ ಹೇಳಿದೆ. ಬೈಸಿಕೊಂಡೆ. ಮೈ ಹಗುರವಾಯಿತು. ಮಗಳು ಎರಡು ವರ್ಷ ಬಿಟ್ಟು ಗೆಳತಿಯರ ಜೊತೆ ಹೋಗಿ ಅದೇ ಬೆಟ್ಟದ ತುದಿ ಮುಟ್ಟಿ ಬಂದಳು. ಅಲ್ಲಿಂದ ಫೋಟೋ ಕಳಿಸಿದಳು. ಅದು ನನ್ನ ಮನೆಯ ಗೋಡೆಯ ಮೇಲಿದೆ.

ಈಗ ವಿದ್ಯಾರ್ಥಿಗಳಿಗೆ ಒಂದು ಮಾತು, ಶಿಕ್ಷಕರಿಗೆ ಒಂದು ಮಾತು, ಹಳೆಯ ವಿದ್ಯಾರ್ಥಿಗಳಿಗೆ ಒಂದು ಬೇಡಿಕೆ.

ಮಕ್ಕಳೇ, ಬೋರ್ಡು ಕಾಣದಿದ್ದರೆ ಕಾಣುವುದಿಲ್ಲ ಎನ್ನಿ. ಲೆಕ್ಕ ತಿಳಿಯದಿದ್ದರೆ ತಿಳಿಯಲಿಲ್ಲ ಎನ್ನಿ. ಮನೆಯಲ್ಲಿ ಕಷ್ಟವಿದ್ದರೆ ಒಬ್ಬ ದೊಡ್ಡವರ ಹತ್ತಿರವಾದರೂ ಹೇಳಿ. ನಗುವವರು ಒಂದು ದಿನ ನಗುತ್ತಾರೆ. ಮುಚ್ಚಿಟ್ಟದ್ದು ವರ್ಷಗಟ್ಟಲೆ ಕಾಡುತ್ತದೆ.

ಶಿಕ್ಷಕರೇ, ನಿಮಗೆ ಹೇಳುವಷ್ಟು ದೊಡ್ಡವನಲ್ಲ. ಆದರೂ ಹಿಂದಿನ ಬೆಂಚಿನಿಂದ "ಏನಿಲ್ಲ" ಎಂಬ ಉತ್ತರ ಬಂದರೆ ದಯವಿಟ್ಟು ಇನ್ನೊಂದು ಸಲ ಕೇಳಿ. ನನ್ನ ಸರ್ ಕೇಳಿದ್ದು "ಎಷ್ಟು ದಿನದಿಂದ" ಅಂತ. ಆ ಗೈಡ್ ಬಾಯಲ್ಲಿ ಕೇಳಲೂ ಇಲ್ಲ, ಒಂದು ಗೆರೆ ಎಳೆದು ನಡೆಸಿದ. ಇಬ್ಬರೂ ನನ್ನ ಮಾತನ್ನು ನಂಬದೆ ನನ್ನನ್ನು ಉಳಿಸಿದರು.

ಹಳೆಯ ವಿದ್ಯಾರ್ಥಿಗಳೇ, ಶಾಲಾ ಮಕ್ಕಳ ಆರೋಗ್ಯ ತಪಾಸಣೆಗೆ ಸರ್ಕಾರದ ಕಾರ್ಯಕ್ರಮಗಳಿವೆ. ಅವು ನಡೆಯಲಿ. ಅದರ ಜೊತೆಗೆ ಪ್ರತಿವರ್ಷ ಜೂನ್ ತಿಂಗಳಲ್ಲಿ ಎಂಟನೆಯ ತರಗತಿಗೆ ಸೇರಿದ ಪ್ರತಿಯೊಂದು ಮಗುವಿನ ಕಣ್ಣು, ಕಿವಿಯನ್ನು ನಾವು ನಿಂತು ತೋರಿಸೋಣ. ಚಸ್ಮಾ ಬೇಕಾದವರಿಗೆ ಕೊಡಿಸೋಣ. ಮೊದಲ ಐದು ವರ್ಷದ ಖರ್ಚನ್ನು 1981ರ ನಮ್ಮ ತಂಡದವರು ಹೊರುತ್ತೇವೆ. ನಿನ್ನೆ ರಾತ್ರಿ ಬೇವಿನ ಮರದ ಕೆಳಗೆ ಕೂತು ಹನ್ನೊಂದು ಜನ ಒಪ್ಪಿದ್ದೇವೆ. ಆಮೇಲಿನದು ನಿಮ್ಮದು.

ಸುವರ್ಣ ಮಹೋತ್ಸವಕ್ಕೆ ಕಮಾನು ಕಟ್ಟಿದ್ದೇವೆ, ಬಣ್ಣ ಬಳಿದಿದ್ದೇವೆ. ಒಳ್ಳೆಯದು. ಆ ಬಣ್ಣ ಹಿಂದಿನ ಬೆಂಚಿನ ಹುಡುಗನಿಗೂ ಕಾಣಲಿ.

 ಸರ್, ನಿಮಗೆ ನಮಸ್ಕಾರ.